ಎರಡಾಣೆಯ ಪಾಠ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ಮಾತು ನಮ್ಮ ಬಳ್ಳಾರಿ ಸೀಮೆಯಲ್ಲಿ ಬಹಳ ಪ್ರಸಿದ್ಧವಾದುದು. ಕೊಟ್ಟೂರಿನ ಸಮೀಪದ ಉಜ್ಜಿನಿಗೆ ಹೋಗಿಬಂದವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಮರುಳಸಿದ್ಧೇಶ್ವರ ದೇವಾಲಯದ ಸೊಗಸೆಲ್ಲ ಒಳಗಿನ ಕಲ್ಲುಕೆತ್ತನೆಯಲ್ಲಿದೆ. ಹೊಸ್ತಿಲು ದಾಟದೆ ಹಿಂದಿರುಗಿದವನು ಉಜ್ಜಿನಿಯನ್ನು ನೋಡಲಿಲ್ಲವೆಂದೇ ಲೆಕ್ಕ.

ವ್ಯಾಪಾರವೂ ಹಾಗೆಯೇ ಅಲ್ಲವೆ? ಹೊರಗಿನ ಬೋರ್ಡು, ದೀಪ, ಗಿರಾಕಿಗಳ ಗದ್ದಲ ಎಲ್ಲರಿಗೂ ಕಾಣುತ್ತವೆ. ಅಂಗಡಿಯನ್ನು ನಿಲ್ಲಿಸಿರುವುದು ಯಾವುದು, ಅಂಗಡಿಕಾರನಿಗೆ ರಾತ್ರಿ ನಿದ್ದೆ ಕೊಡುವುದು ಯಾವುದು ಎಂಬುದು ಒಳಗಿನ ಮಾತು. ವ್ಯಾಪಾರಿಯಾದ ಸ್ನೇಹಿತರೊಬ್ಬರು ನಿಮಗೂ ಇದ್ದಾರು. ಒಂದು ಸಂಜೆ ಅವರ ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ. ದೀಪ ಹಚ್ಚುವ ಹೊತ್ತಿಗೆ ಚೀಲ ತಗುಲಿಹಾಕಿಕೊಂಡ ಒಬ್ಬರು ಬಂದು ನಿಂತಾರು. ಸ್ನೇಹಿತರು ಮಾತು ನಿಲ್ಲಿಸದೆಯೇ ಗಲ್ಲಾಪೆಟ್ಟಿಗೆಯಿಂದ ಐವತ್ತೋ ನೂರೋ ರೂಪಾಯಿ ತೆಗೆದುಕೊಟ್ಟು, ಬರೆಸಿಕೊಂಡು ಕಳುಹಿಸುತ್ತಾರೆ. ಅವರೇ ಪಿಗ್ಮಿಯವರು. ಹೂವಾಡಗಿತ್ತಿಯ ಬುಟ್ಟಿಯ ಬಳಿಯೂ, ಮಂಡಕ್ಕಿ ಮಿರ್ಚಿಯ ಗಾಡಿಯ ಬಳಿಯೂ ಅವರು ನಿಲ್ಲುತ್ತಾರೆ.

ಈ ಪದ್ಧತಿ ಎಲ್ಲಿಂದ ಬಂದಿತು? ಅದಕ್ಕೆ ನಾವು ಬಯಲುಸೀಮೆ ಬಿಟ್ಟು, ಘಟ್ಟ ಇಳಿದು, ಉಡುಪಿಗೆ ಹೋಗಬೇಕು. 1920ರ ದಶಕದಲ್ಲಿ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದರು. ನೇಯಲು ಕೈ ಇತ್ತು, ನೂಲು ಕೊಳ್ಳಲು ಹಣವಿರಲಿಲ್ಲ. ಅಂಥವರಿಗೆ ಸಾಲ ಒದಗಿಸಬೇಕೆಂದು 1925ರಲ್ಲಿ ಮೂವರು ಸೇರಿದರು. ಒಬ್ಬರು ವ್ಯಾಪಾರಿ ಉಪೇಂದ್ರ ಅನಂತ ಪೈ. ಇನ್ನೊಬ್ಬರು ಇಂಜಿನಿಯರ್ ವಾಮನ ಕುಡ್ವ. ಮೂರನೆಯವರು ಉಪೇಂದ್ರ ಪೈಗಳ ತಮ್ಮ, ವೈದ್ಯರಾದ ಡಾ. ಟಿ. ಎಂ. ಎ. ಪೈ. ಕೂಡಿಸಿದ ಬಂಡವಾಳ 8,000 ರೂಪಾಯಿ. ಹೀಗೆ ಹುಟ್ಟಿದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು.

ಸಾಲ ಕೊಡಲು ಠೇವಣಿ ಬೇಕು. ಊರಿನಲ್ಲಿ ಹಣವೇ ಇರಲಿಲ್ಲವೆ? ಇತ್ತು, ಆದರೆ ಚಿಲ್ಲರೆಯಾಗಿ ಹರಡಿಕೊಂಡಿತ್ತು. ದಿನಗೂಲಿಯವನ ಆದಾಯ ದಿನದ್ದು, ಖರ್ಚೂ ದಿನದ್ದು. ತಿಂಗಳ ಕೊನೆಗೆ ನೂರು ರೂಪಾಯಿ ತಾರೆಂದರೆ ಅವನು ಎಲ್ಲಿಂದ ತಂದಾನು? ಕೆಲಸ ಬಿಟ್ಟು ಬ್ಯಾಂಕಿನ ಮೆಟ್ಟಿಲು ಹತ್ತುವುದಕ್ಕೂ ಅವನಿಗೆ ಸಂಕೋಚ. ಆದ್ದರಿಂದ 1928ರಲ್ಲಿ ಬ್ಯಾಂಕೇ ಅವನ ಮನೆಯ ಬಾಗಿಲಿಗೆ ನಡೆದುಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಬಂದು ಒಯ್ಯುತ್ತಾರೆ. ಅದಕ್ಕೆ ಇಟ್ಟ ಹೆಸರು ಪಿಗ್ಮಿ, ಎಂದರೆ ಕುಳ್ಳ.

ಈ ಕುಳ್ಳನ ಬೆಳವಣಿಗೆಯನ್ನು ಲೆಕ್ಕಹಾಕಿ ನೋಡೋಣ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ ಅರವತ್ತು ಆಣೆ, ಅಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಎರಡಾಣೆ ಹೋದದ್ದು ಮನೆಯವರಿಗೆ ಗೊತ್ತಾಗದಿದ್ದರೂ, ನಲವತ್ತೈದು ರೂಪಾಯಿ ಕೈಗೆ ಬಂದದ್ದು ಗೊತ್ತಾಗದೆ ಇರುತ್ತದೆಯೆ?

ಇದರಲ್ಲಿ ಬ್ಯಾಂಕಿಗೇನು ಲಾಭ ಎಂದು ನೀವು ಕೇಳಬಹುದು. ಏಜೆಂಟರಿಗೆ ಕಮಿಷನ್ ಕೊಡಬೇಕು, ಸಾವಿರಾರು ಸಣ್ಣ ಲೆಕ್ಕ ಬರೆಯಬೇಕು, ಖರ್ಚು ಹೆಚ್ಚೇ. ಆದರೆ ಒಬ್ಬ ಸಾಹುಕಾರ ಮುನಿಸಿಕೊಂಡು ಠೇವಣಿ ಹಿಂದೆಗೆದರೆ ಬ್ಯಾಂಕು ನಡುಗೀತು. ಸಾವಿರ ಮಂದಿಯ ಎರಡಾಣೆ ಒಂದೇ ದಿನ ಎದ್ದುಹೋಗುವುದು ಅಪರೂಪ. ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ದಿನವೂ ತಪ್ಪದೆ ಕಟ್ಟುವವನು ಯಾರು, ನಡುವೆ ನಿಲ್ಲಿಸಿದವನು ಯಾರು ಎಂಬುದನ್ನು ಪಿಗ್ಮಿ ಪುಸ್ತಕವೇ ಹೇಳುತ್ತದೆ. ಅಡವಿಡಲು ಬಂಗಾರವಿಲ್ಲದವನಿಗೆ ಅದೇ ಜಾಮೀನಿನ ಮಾತಾಯಿತು.

ಗಿರಾಕಿಯ ಜೇಬಿನ ಅಳತೆಗೆ ತಕ್ಕಂತೆ ವ್ಯಾಪಾರವನ್ನು ಹೊಲಿಯಬೇಕು. ವ್ಯಾಪಾರದ ಅಳತೆಗೆ ಗಿರಾಕಿಯನ್ನು ಕತ್ತರಿಸಬಾರದು. ಈ ಕಥೆಯಲ್ಲಿ ನಾವು ಕಲಿಯಬೇಕಾದುದು ಇದು. ನೇಕಾರನಿಗೆ ಒಳಿತಾದದ್ದೂ ಬ್ಯಾಂಕಿಗೆ ಲಾಭವಾದದ್ದೂ ಒಂದೇ ಕೆಲಸದಿಂದ. ಮೊದಲು ಗಳಿಸಿ, ಮುಪ್ಪಿನಲ್ಲಿ ಪುಣ್ಯ ಕಟ್ಟಿಕೊಳ್ಳೋಣವೆಂದು ಎರಡು ಖಾತೆ ತೆರೆಯುವವರಿಗೆ ಇದು ಯೋಚಿಸತಕ್ಕ ವಿಷಯ.

ಡಾ. ಪೈಗಳು ಇದೇ ದಾರಿಯಲ್ಲಿ ಮುಂದೆ ನಡೆದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಅವರಿಂದ ಸ್ಥಾಪನೆಯಾದುವು. ಬೋಳುಗುಡ್ಡವಾಗಿದ್ದ ಮಣಿಪಾಲ ವಿದ್ಯೆಯ ಊರಾಯಿತು. ವಿದ್ಯಾರ್ಥಿಗಳ ಹಣದಿಂದಲೇ ಕಾಲೇಜು ನಡೆಸುವ ಕ್ರಮ ಟೀಕೆಗೂ ಗುರಿಯಾಯಿತು, ನಿಜ. ಅವರು 1979ರಲ್ಲಿ ತೀರಿಕೊಂಡರು. 1969ರಲ್ಲಿ ರಾಷ್ಟ್ರೀಕರಣಗೊಂಡಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಇಳಿಯಿತು, ಪಿಗ್ಮಿ ಎಂಬ ಮಾತು ಮಾತ್ರ ಪೇಟೆಪೇಟೆಯಲ್ಲಿ ಉಳಿಯಿತು.

ಆದರೆ ಹೆಸರು ಉಳಿದಲ್ಲೆಲ್ಲ ನಂಬಿಕೆಯೂ ಉಳಿದಿದೆಯೆಂದು ತಿಳಿಯಬಾರದು. ಚೀಲ ಹಿಡಿದು ಬಂದವರಿಗೆಲ್ಲ ಹಣ ಕೊಡುವ ಮೊದಲು, ಅದು ಬ್ಯಾಂಕೋ ಪತ್ತಿನ ಸಂಘವೋ ಕೇಳಿ ತಿಳಿಯಿರಿ. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ವಿಮೆ ಉಂಟು. 2020ರಲ್ಲಿ ಅದರ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆಯಿಲ್ಲ. ಕೊಟ್ಟ ಹಣಕ್ಕೆ ಆಗಲೇ ರಸೀದಿ ಪಡೆಯಿರಿ. ತಿಂಗಳಿಗೊಮ್ಮೆ ಕಚೇರಿಗೆ ಹೋಗಿ, ಅಲ್ಲಿನ ಲೆಕ್ಕವೂ ನಿಮ್ಮ ಲೆಕ್ಕವೂ ಕೂಡುತ್ತವೆಯೇ ನೋಡಿ. ಹಾಗೆ ಮಾಡಿದರೆ ಪ್ರಾಮಾಣಿಕನಾದ ಏಜೆಂಟನಿಗೆ ಅವಮಾನವಾಗುವುದಿಲ್ಲ. ಅವನ ಮರ್ಯಾದೆಗೂ ಅದೇ ಕಾವಲು.

ಉಜ್ಜಿನಿಯ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೆ ತೈಲಾಭಿಷೇಕವಾಗುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಭಕ್ತರು ತಂದ ಎಣ್ಣೆ ಒಂದಾಗಿ ಶಿಖರದಿಂದ ಇಳಿಯುವಾಗ, ಇದು ಯಾರ ಮನೆಯ ಎಣ್ಣೆ ಎಂದು ಯಾರೂ ಬೇರ್ಪಡಿಸಲಾರರು. ಎರಡಾಣೆಯ ಕಥೆಯೂ ಅಂಥದೇ. ಮುಂದಿನ ಸಲ ಸ್ನೇಹಿತರ ಅಂಗಡಿಗೆ ಹೋದಾಗ ಈ ತಿಂಗಳ ವ್ಯಾಪಾರವೆಷ್ಟು ಎಂದು ಮಾತ್ರ ಕೇಳಬೇಡಿ. ಅದರಿಂದ ಯಾರ ಮನೆಯ ಒಲೆ ಉರಿಯಿತು ಎಂದೂ ಕೇಳಿ. ಅವರು ಮುಗುಳ್ನಕ್ಕು ಉತ್ತರ ಹೇಳಿದರೆ, ನೀವು ಉಜ್ಜಿನಿಯನ್ನು ಒಳಗೆ ಹೊಕ್ಕು ನೋಡಿದಂತಾಯಿತು.