ಅಲ್ಸೇಸ್‌ನಲ್ಲಿ ಅಮ್ಮ ತಿಂದ ಚೀಸ್

ಅಮ್ಮ ಫ್ರಾನ್ಸ್‌ಗೆ ಬಂದು ಮೂರು ವಾರ ಆಗಿತ್ತು. ಮೈಸೂರಿಂದ ತಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿಯಲ್ಲೇ ದಿನ ದೂಡುತ್ತಿದ್ದರು. 'ಇಷ್ಟು ದೂರ ಬಂದು ಇಲ್ಲಿಯ ಊಟದ ರುಚಿ ನೋಡದಿದ್ರೆ ಹೇಗಮ್ಮ?' ಅಂತ ಒಂದು ಶನಿವಾರ ಹೊರಡಿಸಿದೆ.

ನಾನು ಕೆಲಸ ಮಾಡುವ ಸ್ಟ್ರಾಸ್‌ಬರ್ಗ್‌ನಿಂದ ಕೊಲ್ಮಾರ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇದು ಅಲ್ಸೇಸ್ ಪ್ರಾಂತ್ಯ. 1871ರಿಂದ 1945ರೊಳಗೆ ಜರ್ಮನಿ, ಫ್ರಾನ್ಸ್ ಮಧ್ಯೆ ನಾಲ್ಕು ಸಲ ಕೈ ಬದಲಾಯಿಸಿದ ನೆಲ. ಊರಿನ ಹೆಸರುಗಳು ಜರ್ಮನ್, ಮಾತು ಫ್ರೆಂಚ್.

ಕೊಲ್ಮಾರ್‌ನಲ್ಲಿ ಕಾಲುವೆ ಪಕ್ಕದಲ್ಲಿ 1865ರ ಇಟ್ಟಿಗೆ ಕಟ್ಟಡದ ಮಾರ್ಕೆಟ್ ಇದೆ. ಹಿಂದೆ ರೈತರು ತರಕಾರಿಯನ್ನು ದೋಣಿಯಲ್ಲೇ ತಂದು ಇಳಿಸುತ್ತಿದ್ದರಂತೆ. ಒಳಗೆ ಚೀಸ್ ಅಂಗಡಿಯಾಕೆ ಅಮ್ಮನಿಗೆ ಮನ್‌ಸ್ಟರ್ ಚೀಸ್‌ನ ಒಂದು ಚೂರು ಕೊಟ್ಟಳು. ಪಕ್ಕದ ಕಣಿವೆಯ ಚೀಸ್ ಇದು, ವಾಸನೆ ಮಾತ್ರ ಭಯಂಕರ. ಅಮ್ಮ ಮೂಗು ಮುಚ್ಚಿಕೊಂಡೇ ಬಾಯಿಗೆ ಹಾಕಿದರು. ಆಮೇಲೆ ಕೈ ಮುಂದೆ ಚಾಚಿದರು.

'ಬೆಣ್ಣೆ ಥರ ಕರಗುತ್ತಲ್ಲೋ! ಹಾಲಿಂದ ತಾನೆ ಮಾಡೋದು?'

'ಹೂಂ, ಹಾಲಿಂದಾನೇ' ಅಂದೆ.

ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಹಾಲನ್ನು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಫ್ರಾನ್ಸ್‌ನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಇದು ಸಾಮಾನ್ಯ. ನನಗೆ ಸಹೋದ್ಯೋಗಿಯೊಬ್ಬ ಹೇಳಿ ಎರಡು ವರ್ಷವಾಗಿತ್ತು. ನಾನು ತಿನ್ನೋದು ಬಿಟ್ಟಿರಲಿಲ್ಲ. ಅಮ್ಮ ಮೊದಲ ಸಲ ಏನೋ ಇಷ್ಟಪಟ್ಟು ತಿನ್ನುವಾಗ ಹೇಳಲು ಬಾಯೇ ಬರಲಿಲ್ಲ.

ಬಾಡಿಗೆ ಕಾರಿನಲ್ಲಿ ಎಗಿಶೈಮ್‌ಗೆ ಹೋದೆವು. ಕೋಟೆಯ ಸುತ್ತ ಬಳೆ ಬಳೆಯಾಗಿ ಬೀದಿಗಳು, ಬಣ್ಣಬಣ್ಣದ ಮರದ ಚೌಕಟ್ಟಿನ ಮನೆಗಳು, ಛಾವಣಿ ಮೇಲೆ ಕೊಕ್ಕರೆ ಗೂಡು. ಊರಾಚೆ ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ ತೋಟ.

ಮಧ್ಯಾಹ್ನಕ್ಕೆ ಫ್ಲಾಮ್‌ಕುಶ್. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಮೇಲೆ ಕ್ರೀಮ್, ಈರುಳ್ಳಿ, ಹಂದಿಮಾಂಸದ ಚೂರು. ಮಾಂಸ ಬೇಡ ಅಂದರೆ ಬಿಟ್ಟು ಮಾಡಿಕೊಡುತ್ತಾರೆ. ಹಿಂದೆ ಬ್ರೆಡ್ ಸುಡುವ ಮೊದಲು ಕಟ್ಟಿಗೆ ಒಲೆ ಎಷ್ಟು ಕಾದಿದೆ ಅಂತ ನೋಡಲು ಇದನ್ನು ಹಾಕುತ್ತಿದ್ದರಂತೆ. 'ನಾವು ಕಾವಲಿಗೆ ನೀರು ಚಿಮುಕಿಸ್ತೀವಲ್ಲ, ಹಂಗೆ' ಅಂದರು ಅಮ್ಮ. ಒಂದಿಡೀ ಫ್ಲಾಮ್‌ಕುಶ್ ಖಾಲಿ ಮಾಡಿದರು. ಟೋಪಿಯಂಥ ಕುಗೆಲ್‌ಹಾಫ್ ಕೇಕ್‌ನಲ್ಲಿ ಮೊಟ್ಟೆ ಇದೆ ಅಂದಾಗ ಮಾತ್ರ ಮುಟ್ಟಲಿಲ್ಲ. ಮೊಟ್ಟೆ ಅಂತ ಹೇಳಿದ ನಾನು ರೆನೆಟ್ ಅಂತ ಹೇಳಿರಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು.

ಸಂಜೆ ಕೈಸರ್ಸ್‌ಬರ್ಗ್. ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿ, 1952ರ ಶಾಂತಿ ನೊಬೆಲ್ ಪಡೆದ ಆಲ್ಬರ್ಟ್ ಶ್ವೈಟ್ಜರ್ ಹುಟ್ಟಿದ ಊರು. ಹಳೇ ಕಲ್ಲು ಸೇತುವೆ ಮೇಲೆ ನಿಂತಾಗ ಅಮ್ಮ, 'ಆ ಚೀಸ್ ಇಲ್ಲೂ ಸಿಗುತ್ತೇನೋ? ನಿಮ್ ಚಿಕ್ಕಮ್ಮಂಗೂ ಒಂದು ತಗೊಳ್ಳೋಣ' ಅಂದರು.

ಚಿಕ್ಕಮ್ಮ ಬೆಳ್ಳುಳ್ಳಿಯನ್ನೂ ಮುಟ್ಟದವರು. ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತರು. 'ಬೆಳಿಗ್ಗೆನೇ ಹೇಳ್ಬಹುದಿತ್ತಲ್ಲೋ.'

'ನೀನು ಖುಷಿಯಾಗಿ ತಿಂತಿದ್ದೆ...'

'ನಿಮ್ಮಜ್ಜಿ ಈರುಳ್ಳಿ ತಿಂತಿರಲಿಲ್ಲ. ಕಣ್ಣೂ ಕಾಣ್ತಿರಲಿಲ್ಲ. ಏನು ಹಾಕಿದ್ರೂ ಗೊತ್ತಾಗ್ತಿರಲಿಲ್ಲ. ಆದ್ರೂ ಇದರಲ್ಲಿ ಈರುಳ್ಳಿ ಇದೆ ಅಂತ ನಾನು ಹೇಳೇ ಬಡಿಸ್ತಿದ್ದೆ.'

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮಿಸಮ್ಮ ಅಂದೆ.

ವಾಪಸ್ ಬರುವಾಗ ಒಂದು ಅಂಗಡಿಯಲ್ಲಿ ಪ್ಲಮ್ ಜಾಮ್ ಬಾಟಲಿ ಎತ್ತಿಕೊಂಡರು. 'ಓದು, ಒಂದೊಂದೇ ಓದು.'

'ಹಣ್ಣು, ಸಕ್ಕರೆ, ನಿಂಬೆರಸ, ಪೆಕ್ಟಿನ್. ಪೆಕ್ಟಿನ್ ಹಣ್ಣಿಂದಾನೇ ಬರೋದು.'

'ನಿಜ ತಾನೆ?'

'ನಿಜ ಅಮ್ಮ.'

ಎರಡು ಬಾಟಲಿ ತಗೊಂಡರು. ಒಂದು ಚಿಕ್ಕಮ್ಮನಿಗೆ.

ನೀವೂ ಹೋಗುವುದಾದರೆ: ಹಳ್ಳಿಗಳಲ್ಲಿ ಮಧ್ಯಾಹ್ನದ ಊಟ ಸಾಮಾನ್ಯವಾಗಿ 12ರಿಂದ 2 ಗಂಟೆಯವರೆಗೆ ಮಾತ್ರ, ತಡವಾದರೆ ಅಡುಗೆಮನೆ ಮುಚ್ಚಿರುತ್ತದೆ. ಫ್ಲಾಮ್‌ಕುಶ್ ಹೇಳುವಾಗ 'ಸಾ ಲಾರ್ದೋ' ಅನ್ನಿ, ಮಾಂಸದ ಚೂರು ಬೇಡ ಅಂತ. ಕ್ರೀಮ್ ಜೊತೆ ಚೀಸ್ ಬೆರೆಸಿದ್ದಾರಾ ಅಂತಲೂ ಕೇಳಿ. ಚೀಸ್ ಕೊಳ್ಳುವಾಗ ಕೇಳಬೇಕಾದ ಪದ 'ಪ್ರೆಸ್ಯೂರ್', ಅಂದರೆ ರೆನೆಟ್. ಜೊತೆಯಲ್ಲಿ ಅಮ್ಮ ಇದ್ದರೆ, ತಿನ್ನುವ ಮೊದಲೇ ಕೇಳಿ.