ದಾಸವಾಳದ ಬಿಳಿ ಹುಳುಗಳೆಲ್ಲ ಶತ್ರುಗಳಲ್ಲ

ದಾಸವಾಳದ ಚಿಗುರಿನಲ್ಲಿ ಹತ್ತಿಯಂತಹ ಬಿಳಿ ಹಿಟ್ಟು ಕಂಡೊಡನೆ ಕೀಟನಾಶಕ ಸಿಂಪಡಿಸುವುದು ನಗರದ ಕೈತೋಟಗಳಲ್ಲಿ ಸಾಮಾನ್ಯ. ಆಗ ಹಿಟ್ಟು ತಿಗಣೆಯ ಜೊತೆಗೆ ಅದನ್ನು ತಿನ್ನಲು ಬಂದ ಮಿತ್ರಕೀಟವೂ ಸಾಯುತ್ತದೆ.

ಈ ಮಿತ್ರ, ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳು. ವೈಜ್ಞಾನಿಕ ಹೆಸರು ಕ್ರಿಪ್ಟೊಲೀಮಸ್ ಮಾಂಟ್ರೊಜಿಯೆರಿ. ಕಾಫಿ ಗಿಡದ ಹಸಿರು ಶಲ್ಕಕೀಟದ ಹತೋಟಿಗೆಂದು 1898ರಲ್ಲಿ ಇದನ್ನು ಭಾರತಕ್ಕೆ ತರಲಾಯಿತು. ಬಂದ ಕೆಲಸ ಕೈಗೂಡಲಿಲ್ಲ. ಆದರೆ ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಗಳನ್ನು ತಿನ್ನತೊಡಗಿತು. ಮುಂದೆ ದ್ರಾಕ್ಷಿ, ಸೀಬೆ ತೋಟಗಳಲ್ಲೂ ಇದನ್ನು ಬಿಡಲಾಯಿತು.

ಪ್ರೌಢ ಹುಳುವನ್ನು ಗುರುತಿಸುವುದು ಸುಲಭ: ಸುಮಾರು 4 ಮಿ.ಮೀ. ಉದ್ದ, ಕಪ್ಪುಗಂದು ರೆಕ್ಕೆ, ಕಿತ್ತಳೆ ಬಣ್ಣದ ತಲೆ. ಗೊಂದಲವೆಲ್ಲ ಮರಿಹುಳುವಿನದು. ಅದರ ಮೈಮೇಲೂ ಮೇಣದ ಬಿಳಿ ಎಳೆಗಳಿರುವುದರಿಂದ ತಿಗಣೆಯಂತೆಯೇ ತೋರುತ್ತದೆ. ಆದರೆ ಬಲಿತ ಮರಿಹುಳು 1 ಸೆಂ.ಮೀ. ಮೀರುತ್ತದೆ, ತಿಗಣೆ ಅದರ ಅರ್ಧದಷ್ಟೂ ಇರದು. ಕಡ್ಡಿಯಿಂದ ಮುಟ್ಟಿದರೆ ಮರಿಹುಳು ಚುರುಕಾಗಿ ಸರಿಯುತ್ತದೆ, ತಿಗಣೆ ಬಹುತೇಕ ಅಲುಗದು.

ಇರುವೆಗಳದ್ದು ಬೇರೆಯೇ ಕಥೆ. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಅವು ತಿಗಣೆಯನ್ನು ಕಾಯುತ್ತ, ಗುಲಗಂಜಿ ಹುಳುವನ್ನು ಓಡಿಸುತ್ತವೆ. ಆದ್ದರಿಂದ ಮೊದಲು ಗಿಡಕ್ಕೆ ಇರುವೆ ಹತ್ತದಂತೆ ತಡೆಯಬೇಕು. ಸಿಂಪರಣೆಗೆ ಮುನ್ನ ಎಲೆಯ ಅಡಿಭಾಗವನ್ನು ಒಮ್ಮೆ ಪರೀಕ್ಷಿಸುವುದು ಒಳಿತು.