ಬಾಸ್ಟನ್ ರೆಡ್ ಸಾಕ್ಸ್ ಅಭಿಮಾನಿಗಳು ಮತ್ತು ೨೦೦೪ರ ಪ್ಲೇಆಫ್

ಬಾಸ್ಟನ್ ರೆಡ್ ಸಾಕ್ಸ್ ಅಮೇರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ರಾಜಧಾನಿ ಬಾಸ್ಟನ್ ನಗರದ ವೃತ್ತಿಪರ ಬೇಸ್‌ಬಾಲ್ ತಂಡ. ಬಾಸ್ಟನ್ ನಗರವಷ್ಟೇ ಅಲ್ಲದೆ ಮೇಯ್ನ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಮೊದಲಾದ ರಾಜ್ಯಗಳನ್ನೊಳಗೊಂಡ ನ್ಯೂ ಇಂಗ್ಲೆಂಡ್ ಪ್ರದೇಶದ ಬಹುಭಾಗ ಈ ತಂಡದ ಅಭಿಮಾನಿಗಳ ನೆಲೆ. ೧೯೧೮ರಲ್ಲಿ ವರ್ಲ್ಡ್ ಸೀರೀಸ್ ಪ್ರಶಸ್ತಿ ಗೆದ್ದ ತಂಡ ಮತ್ತೆ ಅದನ್ನು ಗೆದ್ದದ್ದು ೨೦೦೪ರಲ್ಲಿ. ನಡುವಿನ ೮೬ ವರ್ಷಗಳಲ್ಲಿ ಕಾಯುವುದೆಂಬುದೇ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಮನೆಯ ಆಸ್ತಿಯಂತೆ ದಾಟಿಬಂತು. ಆ ಕಾಯುವಿಕೆ ಮುಗಿದ ೨೦೦೪ರ ಅಕ್ಟೋಬರ್ ತಿಂಗಳು ಬೇಸ್‌ಬಾಲ್ ಅಭಿಮಾನಿಗಳ ಇತಿಹಾಸದಲ್ಲಿ ಅತ್ಯಂತ ಹೆಚ್ಚು ಚರ್ಚಿತವಾದ ಅವಧಿಗಳಲ್ಲಿ ಒಂದು.

ಪ್ಲೇಆಫ್ ಪದ್ಧತಿ

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಎಂಬ ಎರಡು ವಿಭಾಗಗಳಿದ್ದು, ಒಟ್ಟು ೩೦ ತಂಡಗಳಿವೆ. ಪ್ರತಿಯೊಂದು ತಂಡವೂ ವರ್ಷಕ್ಕೆ ೧೬೨ ಪಂದ್ಯಗಳನ್ನು ಆಡುತ್ತದೆ. ೨೦೦೪ರಲ್ಲಿದ್ದ ನಿಯಮದಂತೆ ಇವುಗಳಲ್ಲಿ ಎಂಟು ತಂಡಗಳು ಮಾತ್ರ ಪ್ಲೇಆಫ್ ಹಂತ ಪ್ರವೇಶಿಸುತ್ತಿದ್ದವು. ಮೊದಲ ಸುತ್ತಿನಲ್ಲಿ ಐದು ಪಂದ್ಯಗಳಲ್ಲಿ ಮೂರನ್ನು, ಲೀಗ್ ಚಾಂಪಿಯನ್‌ಷಿಪ್ ಸರಣಿಯಲ್ಲಿ ಮತ್ತು ಅಂತಿಮ ವರ್ಲ್ಡ್ ಸೀರೀಸ್‌ನಲ್ಲಿ ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದ ತಂಡ ವಿಜಯಿ.

ಕ್ರಿಕೆಟ್ ಬಲ್ಲ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. ಬೇಸ್‌ಬಾಲ್ ಪಂದ್ಯದಲ್ಲಿ ಒಂಬತ್ತು ಇನ್ನಿಂಗ್ಸ್‌ಗಳು. ಪ್ರತಿ ಇನ್ನಿಂಗ್ಸ್‌ನಲ್ಲಿ ಪ್ರತಿ ತಂಡಕ್ಕೂ ಮೂರು ಔಟ್‌ಗಳವರೆಗೆ ಆಡುವ ಅವಕಾಶ. ಪ್ಲೇಆಫ್ ಪಂದ್ಯ ಡ್ರಾ ಎಂದು ಮುಗಿಯುವುದಿಲ್ಲ; ಸಮಬಲವಾದರೆ ಫಲಿತಾಂಶ ಬರುವ ತನಕ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಆಡಲೇಬೇಕು. ಸಂಜೆ ಎಂಟರ ಸುಮಾರಿಗೆ ಆರಂಭವಾದ ಆಟ ನಡುರಾತ್ರಿಯ ನಂತರ ಮುಗಿಯುವುದು ಇದರಿಂದಲೇ. ಮರುದಿನ ಶಾಲೆಯಿರುವ ಮಕ್ಕಳನ್ನು ಮಲಗಿಸಬೇಕೇ, ಎಚ್ಚರವಿರಲು ಬಿಡಬೇಕೇ ಎಂಬುದು ಅಕ್ಟೋಬರ್‌ನಲ್ಲಿ ಅಭಿಮಾನಿ ಕುಟುಂಬಗಳಿಗೆ ಎದುರಾಗುವ ನಿಜವಾದ ಸಮಸ್ಯೆ.

ರಾಯಲ್ ರೂಟರ್ಸ್

ತಂಡವನ್ನು ಊರಿಂದೂರಿಗೆ ಹಿಂಬಾಲಿಸುವ ರೂಢಿ ಬಾಸ್ಟನ್‌ನಲ್ಲಿ ಬಹಳ ಹಳೆಯದು. ೧೯೦೩ರಲ್ಲಿ ಮೊಟ್ಟಮೊದಲ ವರ್ಲ್ಡ್ ಸೀರೀಸ್ ನಡೆದಾಗ ತಂಡಕ್ಕೆ ರೆಡ್ ಸಾಕ್ಸ್ ಎಂಬ ಹೆಸರು ಇನ್ನೂ ಬಂದಿರಲಿಲ್ಲ. ಮೈಕೆಲ್ ಮೆಕ್‌ಗ್ರೀವಿ ಎಂಬ ಮದ್ಯದಂಗಡಿಯ ಮಾಲೀಕನ ಮುಂದಾಳತ್ವದಲ್ಲಿ ರಾಯಲ್ ರೂಟರ್ಸ್ ಎಂಬ ಅಭಿಮಾನಿಗಳ ಗುಂಪು ಎದುರಾಳಿಯ ಊರಾದ ಪಿಟ್ಸ್‌ಬರ್ಗ್‌ಗೆ ಹೋಗಿ, ಆಗ ಜನಪ್ರಿಯವಾಗಿದ್ದ 'ಟೆಸಿ' ಎಂಬ ನಾಟಕದ ಹಾಡನ್ನು ಬಿಡುವಿಲ್ಲದೆ ಹಾಡಿತು. ಪಿಟ್ಸ್‌ಬರ್ಗ್‌ನ ಶ್ರೇಷ್ಠ ಆಟಗಾರ ಹೋನಸ್ ವ್ಯಾಗ್ನರ್‌ನನ್ನು ಅಣಕಿಸಲು ಹಾಡಿನ ಪದಗಳನ್ನೂ ಬದಲಿಸಲಾಗಿತ್ತು. ೧–೩ರಿಂದ ಹಿಂದಿದ್ದ ಬಾಸ್ಟನ್ ಕೊನೆಗೆ ೫–೩ರಿಂದ ಗೆದ್ದಿತು. ಆ ಸರಣಿ ಒಂಬತ್ತು ಪಂದ್ಯಗಳದ್ದಾಗಿತ್ತು. ಇದೇ ಹಾಡಿನ ಹೊಸ ರೂಪವನ್ನು ಬಾಸ್ಟನ್‌ನ ಡ್ರಾಪ್‌ಕಿಕ್ ಮರ್ಫೀಸ್ ವಾದ್ಯತಂಡ ೨೦೦೪ರಲ್ಲಿ ಹೊರತಂದದ್ದನ್ನು ಕಾಕತಾಳೀಯವೆನ್ನಲು ಅಭಿಮಾನಿಗಳು ಒಪ್ಪುವುದಿಲ್ಲ.

ಶಾಪದ ಕಥೆ

ರೆಡ್ ಸಾಕ್ಸ್ ತಂಡದ ಮಾಲೀಕ ಹ್ಯಾರಿ ಫ್ರೇಝಿ ೧೯೧೯ರ ಕೊನೆಯಲ್ಲಿ ಬೇಬ್ ರುತ್ ಎಂಬ ಅಪ್ರತಿಮ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿದನು. ಅಲ್ಲಿಂದ ಮುಂದೆ ಯಾಂಕೀಸ್ ಪ್ರಶಸ್ತಿಯ ಮೇಲೆ ಪ್ರಶಸ್ತಿ ಗೆಲ್ಲುತ್ತ ಹೋಯಿತು. ಬಾಸ್ಟನ್ ೧೯೪೬, ೧೯೬೭, ೧೯೭೫ ಮತ್ತು ೧೯೮೬ರಲ್ಲಿ ವರ್ಲ್ಡ್ ಸೀರೀಸ್ ತಲುಪಿ, ನಾಲ್ಕೂ ಬಾರಿ ಏಳನೆಯ ಪಂದ್ಯದಲ್ಲಿ ಸೋತಿತು. ರುತ್‌ನ ಅಡ್ಡಹೆಸರಿನಿಂದ ಇದಕ್ಕೆ 'ಬ್ಯಾಂಬಿನೊ ಶಾಪ' ಎಂಬ ಹೆಸರು ಬಂತು. ಪತ್ರಕರ್ತ ಡ್ಯಾನ್ ಶಾನೆಸಿ ೧೯೯೦ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಹೆಸರು ಮನೆಮಾತಾಯಿತು. ಬಾಸ್ಟನ್‌ನ ಸ್ಟಾರೊ ಡ್ರೈವ್ ರಸ್ತೆಯಲ್ಲಿ ತಿರುವನ್ನು ಸೂಚಿಸುವ 'ರಿವರ್ಸ್ ಕರ್ವ್' ಎಂಬ ಫಲಕವಿತ್ತು. ಯಾರೋ ಅದಕ್ಕೆ ಬಣ್ಣ ಬಳಿದು, ಶಾಪವನ್ನು ತಿರುಗಿಸು ಎಂಬ ಅರ್ಥದ 'ರಿವರ್ಸ್ ದ ಕರ್ಸ್' ಎಂದು ಮಾಡಿದರು. ಅದು ಹಾಗೆಯೇ ವರ್ಷಗಟ್ಟಲೆ ಉಳಿಯಿತು. ನ್ಯೂಯಾರ್ಕ್‌ನ ಅಭಿಮಾನಿಗಳಾದರೋ ಬಾಸ್ಟನ್ ತಂಡ ಬಂದಾಗಲೆಲ್ಲ '೧೯೧೮' ಎಂದು ಒಕ್ಕೊರಲಿನಿಂದ ಕೂಗಿ ಹಂಗಿಸುತ್ತಿದ್ದರು.

ಶಾಪದ ಕಥೆ ಕೇಳಲು ಸೊಗಸಾಗಿದ್ದರೂ ಅದರ ಮರೆಯಲ್ಲಿ ಒಂದು ಅಹಿತಕರ ಸತ್ಯ ಅಡಗಿದೆ. ೧೯೪೫ರ ಏಪ್ರಿಲ್‌ನಲ್ಲಿ ಕಪ್ಪುವರ್ಣೀಯ ಆಟಗಾರ ಜಾಕಿ ರಾಬಿನ್ಸನ್‌ನನ್ನು ತಂಡದ ತವರು ಕ್ರೀಡಾಂಗಣವಾದ ಫೆನ್‌ವೇ ಪಾರ್ಕ್‌ಗೆ ಕರೆಸಿ ಪರೀಕ್ಷಿಸಿದ ರೆಡ್ ಸಾಕ್ಸ್ ಆತನನ್ನು ಸೇರಿಸಿಕೊಳ್ಳಲಿಲ್ಲ. ಎರಡು ವರ್ಷಗಳ ನಂತರ ಬ್ರೂಕ್ಲಿನ್ ತಂಡದ ಮೂಲಕ ಆತ ಇತಿಹಾಸ ನಿರ್ಮಿಸಿದನು. ರೆಡ್ ಸಾಕ್ಸ್ ತನ್ನ ಮೊದಲ ಕಪ್ಪುವರ್ಣೀಯ ಆಟಗಾರ ಪಂಪ್ಸಿ ಗ್ರೀನ್‌ನನ್ನು ಕಣಕ್ಕಿಳಿಸಿದ್ದು ೧೯೫೯ರಲ್ಲಿ. ಅಂದಿನ ಮೇಜರ್ ಲೀಗ್ ತಂಡಗಳಲ್ಲಿ ಇದೇ ಕೊನೆಯದು. ಸೋಲಿನ ಕಾರಣಗಳನ್ನು ಹುಡುಕುವವರು ರುತ್‌ನ ಮಾರಾಟಕ್ಕಿಂತ ಇದನ್ನು ಮೊದಲು ನೋಡುವುದು ಉಚಿತ.

೨೦೦೪ರ ಅಕ್ಟೋಬರ್

ಹಿಂದಿನ ವರ್ಷದ ಗಾಯ ಇನ್ನೂ ಹಸಿಯಾಗಿತ್ತು. ೨೦೦೩ರ ಲೀಗ್ ಚಾಂಪಿಯನ್‌ಷಿಪ್ ಸರಣಿಯ ಏಳನೆಯ ಪಂದ್ಯದ ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೊಡೆದ ಹೋಮ್ ರನ್ ಬಾಸ್ಟನ್ ತಂಡವನ್ನು ಮನೆಗೆ ಕಳುಹಿಸಿತ್ತು. ೨೦೦೪ರಲ್ಲಿ ಮೊದಲ ಸುತ್ತನ್ನು ಸುಲಭವಾಗಿ ದಾಟಿದ ರೆಡ್ ಸಾಕ್ಸ್‌ಗೆ ಮತ್ತೆ ಎದುರಾದದ್ದು ಅದೇ ಯಾಂಕೀಸ್. ಮೊದಲ ಮೂರು ಪಂದ್ಯಗಳನ್ನೂ ಬಾಸ್ಟನ್ ಸೋತಿತು; ಅಕ್ಟೋಬರ್ ೧೬ರಂದು ಫೆನ್‌ವೇ ಪಾರ್ಕ್‌ನಲ್ಲಿ, ತನ್ನದೇ ಜನರ ಕಣ್ಣೆದುರು, ೮–೧೯ರ ಅವಮಾನ. ಏಳು ಪಂದ್ಯಗಳ ಸರಣಿಯಲ್ಲಿ ೦–೩ರಿಂದ ಹಿಂದೆಬಿದ್ದು ಗೆದ್ದ ತಂಡ ಮೇಜರ್ ಲೀಗ್ ಇತಿಹಾಸದಲ್ಲಿ ಅಂದಿನವರೆಗೆ ಒಂದೂ ಇರಲಿಲ್ಲ.

ನಾಲ್ಕನೆಯ ಪಂದ್ಯದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿಯೂ ಬಾಸ್ಟನ್ ೩–೪ರಿಂದ ಹಿಂದಿತ್ತು. ಎದುರಿಗಿದ್ದವನು ಪಂದ್ಯ ಮುಗಿಸುವುದರಲ್ಲಿ ಸರಿಸಾಟಿಯಿಲ್ಲದ ಪಿಚರ್ ಮರಿಯಾನೊ ರಿವೆರಾ. ಕೆವಿನ್ ಮಿಲಾರ್ ಮೊದಲ ಬೇಸ್ ತಲುಪಿದಾಗ ಅವನ ಬದಲು ಓಡಲು ಡೇವ್ ರಾಬರ್ಟ್ಸ್‌ನನ್ನು ಕಳುಹಿಸಲಾಯಿತು. ಪಿಚರ್ ಚೆಂಡೆಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿಬಿಡುವುದಕ್ಕೆ 'ಬೇಸ್ ಕದಿಯುವುದು' ಎನ್ನುತ್ತಾರೆ. ರಾಬರ್ಟ್ಸ್ ಕದಿಯಲೆಂದೇ ಬಂದಿದ್ದಾನೆಂಬುದು ಕ್ರೀಡಾಂಗಣದಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೂ ಕದ್ದನು, ಕೂದಲೆಳೆಯ ಅಂತರದಲ್ಲಿ ಉಳಿದನು. ಬಿಲ್ ಮಿಲ್ಲರ್‌ನ ಹೊಡೆತದಿಂದ ಅವನು ಓಡಿಬಂದು ಸ್ಕೋರು ಸಮಗೊಳಿಸಿದನು. ಹನ್ನೆರಡನೆಯ ಇನ್ನಿಂಗ್ಸ್‌ನಲ್ಲಿ ಡೇವಿಡ್ ಒರ್ಟಿಝ್‌ನ ಹೋಮ್ ರನ್ ಪಂದ್ಯವನ್ನು ಮುಗಿಸಿದಾಗ ಬೆಳಗಿನ ಜಾವ ಒಂದು ಗಂಟೆ ದಾಟಿತ್ತು. ಅದೇ ದಿನ ಸಂಜೆ ಆರಂಭವಾದ ಐದನೆಯ ಪಂದ್ಯ ೧೪ ಇನ್ನಿಂಗ್ಸ್, ಸುಮಾರು ಆರು ಗಂಟೆ ನಡೆದು, ಮತ್ತೆ ಒರ್ಟಿಝ್‌ನ ಹೊಡೆತದಿಂದಲೇ ೫–೪ರಲ್ಲಿ ಕೊನೆಗೊಂಡಿತು.

ಆರನೆಯ ಪಂದ್ಯದಲ್ಲಿ ಪಿಚರ್ ಕರ್ಟ್ ಶಿಲಿಂಗ್ ಗಾಯಗೊಂಡ ಪಾದಕ್ಕೆ ಹೊಲಿಗೆ ಹಾಕಿಸಿಕೊಂಡು ಆಡಿದನು. ಕಾಲುಚೀಲಕ್ಕೆ ರಕ್ತ ಒಸರಿದ್ದನ್ನು ಟಿ.ವಿ.ಯಲ್ಲಿ ಇಡೀ ದೇಶ ನೋಡಿತು. (ರೆಡ್ ಸಾಕ್ಸ್ ಎಂದರೆ ಕೆಂಪು ಕಾಲುಚೀಲ ಎಂದೇ ಅರ್ಥ.) ಅಕ್ಟೋಬರ್ ೨೦ರಂದು ನ್ಯೂಯಾರ್ಕ್‌ನಲ್ಲಿ ಏಳನೆಯ ಪಂದ್ಯವನ್ನು ೧೦–೩ರಿಂದ ಗೆದ್ದು ಬಾಸ್ಟನ್ ಮುನ್ನಡೆಯಿತು.

ಅಂದಿನ ಸಂಭ್ರಮಕ್ಕೆ ಒಂದು ಜೀವ ಬಲಿಯಾಯಿತು. ಗೆಲುವಿನ ಸುದ್ದಿಗೆ ಫೆನ್‌ವೇ ಪಾರ್ಕ್ ಸುತ್ತಲಿನ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಸೇರಿದ್ದರು. ಗುಂಪನ್ನು ಚದುರಿಸಲು ಪೊಲೀಸರು ಹಾರಿಸಿದ, ಮೆಣಸಿನ ಪುಡಿ ತುಂಬಿದ ಗುಂಡೊಂದು ಸುಮ್ಮನೆ ನಿಂತಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಕಣ್ಣಿಗೆ ತಗುಲಿ, ಆಕೆ ಮೃತಪಟ್ಟಳು. ನಗರಾಡಳಿತ ಮುಂದೆ ಆಕೆಯ ಕುಟುಂಬಕ್ಕೆ ಪರಿಹಾರ ನೀಡಿತು. ೨೦೦೪ರ ಗೆಲುವಿನ ವರ್ಣನೆಗಳಲ್ಲಿ ಈ ಸಾವು ಹಲವು ಬಾರಿ ಬಿಟ್ಟುಹೋಗುತ್ತದೆ, ಬಿಡಬಾರದು.

ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ರೆಡ್ ಸಾಕ್ಸ್ ೪–೦ರಿಂದ ಸೋಲಿಸಿತು. ಅಕ್ಟೋಬರ್ ೨೭ರ ಆ ಕೊನೆಯ ರಾತ್ರಿ ಸಂಪೂರ್ಣ ಚಂದ್ರಗ್ರಹಣವಿತ್ತು.

ಸಮಾಧಿಗಳ ಬಳಿ

ಮುಂದಿನ ದಿನಗಳಲ್ಲಿ ನ್ಯೂ ಇಂಗ್ಲೆಂಡ್‌ನ ಸ್ಮಶಾನಗಳಲ್ಲಿ ಒಂದು ದೃಶ್ಯ ಕಂಡುಬಂತು. ಗೆಲುವನ್ನು ಕಾಣದೆ ತೀರಿಕೊಂಡ ತಂದೆತಾಯಿಯರ, ಅಜ್ಜ ಅಜ್ಜಿಯರ ಸಮಾಧಿಗಳ ಮೇಲೆ ಜನರು ತಂಡದ ಟೋಪಿ, ಬಾವುಟ ಮತ್ತು ಗೆಲುವಿನ ಸುದ್ದಿ ಹೊತ್ತ ದಿನಪತ್ರಿಕೆಗಳನ್ನು ಇಟ್ಟು ಬಂದರು. ಅಕ್ಟೋಬರ್ ೩೦ರಂದು ನಡೆದ ವಿಜಯಯಾತ್ರೆಯಲ್ಲಿ ಆಟಗಾರರು ನೆಲದ ಮೇಲೂ ನೀರಿನ ಮೇಲೂ ಚಲಿಸುವ ವಾಹನಗಳಲ್ಲಿ ಬೀದಿಗಳನ್ನು ಹಾದು ಚಾರ್ಲ್ಸ್ ನದಿಗಿಳಿದರು. ನೆರೆದವರ ಸಂಖ್ಯೆ ೩೦ ಲಕ್ಷಕ್ಕೂ ಹೆಚ್ಚೆಂದು ಅಂದಾಜಿಸಲಾಯಿತು. ಬಾಸ್ಟನ್ ನಗರದ ಅಂದಿನ ಜನಸಂಖ್ಯೆಯಾದರೋ ಆರು ಲಕ್ಷದ ಒಳಗೆ. ರಸ್ತೆಯ ಫಲಕವನ್ನೂ ಕಳಚಲಾಯಿತು. ಆ ವರ್ಷ ಚಿತ್ರೀಕರಣವಾಗುತ್ತಿದ್ದ, ರೆಡ್ ಸಾಕ್ಸ್ ಅಭಿಮಾನಿಯೊಬ್ಬನ ಕಥೆಯುಳ್ಳ 'ಫೀವರ್ ಪಿಚ್' ಚಲನಚಿತ್ರದ ಕೊನೆಯನ್ನು ಗೆಲುವಿನಿಂದಾಗಿ ಬದಲಿಸಬೇಕಾಯಿತು.

ಬಿಲ್ ಬಕ್ನರ್

೧೯೮೬ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಬಾಸ್ಟನ್‌ನ ಬಿಲ್ ಬಕ್ನರ್‌ನ ಕಾಲುಗಳ ನಡುವೆ ಚೆಂಡು ಉರುಳಿಹೋಗಿ ನ್ಯೂಯಾರ್ಕ್ ಮೆಟ್ಸ್ ಗೆದ್ದಿತ್ತು. ಅಷ್ಟರೊಳಗೆ ಮುನ್ನಡೆ ಕೈಬಿಟ್ಟು ಸ್ಕೋರು ಸಮವಾಗಿತ್ತು, ಏಳನೆಯ ಪಂದ್ಯವೂ ಬಾಕಿಯಿತ್ತು. ಆದರೂ ಸೋಲಿನ ಹೊರೆಯೆಲ್ಲ ಒಬ್ಬನ ತಲೆಗೇ ಬಂತು. ಅಭಿಮಾನದ ಕ್ರೌರ್ಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬಾಸ್ಟನ್‌ನಲ್ಲಿಲ್ಲ. ೨೦೦೭ರಲ್ಲಿ ತಂಡ ಮತ್ತೊಮ್ಮೆ ವರ್ಲ್ಡ್ ಸೀರೀಸ್ ಗೆದ್ದಿತು. ಅದರ ವಿಜಯಪತಾಕೆ ಏರಿಸಿದ ೨೦೦೮ರ ಏಪ್ರಿಲ್ ೮ರಂದು ಮೊದಲ ಚೆಂಡೆಸೆಯಲು ಬಕ್ನರ್‌ನನ್ನು ಆಹ್ವಾನಿಸಲಾಯಿತು. ಪ್ರೇಕ್ಷಕರು ಎದ್ದುನಿಂತು ಎರಡು ನಿಮಿಷಕ್ಕೂ ಹೆಚ್ಚು ಕಾಲ ಚಪ್ಪಾಳೆ ತಟ್ಟಿದರು. ಬಕ್ನರ್ ಕಣ್ಣೀರು ಒರೆಸಿಕೊಂಡು ಚೆಂಡನ್ನೆಸೆದನು. ಆತ ೨೦೧೯ರಲ್ಲಿ ನಿಧನ ಹೊಂದಿದನು.

ರೆಡ್ ಸಾಕ್ಸ್ ೨೦೧೩ ಮತ್ತು ೨೦೧೮ರಲ್ಲಿಯೂ ಪ್ರಶಸ್ತಿ ಗೆದ್ದಿದೆ. ೨೦೧೩ರ ಗೆಲುವು ಫೆನ್‌ವೇ ಪಾರ್ಕ್‌ನಲ್ಲಿಯೇ ಬಂತು. ತವರಿನ ಜನರ ಮುಂದೆ ಸರಣಿ ಮುಗಿಸಿದ್ದು ೧೯೧೮ರ ನಂತರ ಅದೇ ಮೊದಲು. ೨೦೧೮ರಲ್ಲಿ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಆಗಿ ಫೆನ್‌ವೇ ಪಾರ್ಕ್‌ಗೆ ಬಂದವನು ಡೇವ್ ರಾಬರ್ಟ್ಸ್.